ಕೋಳಿ ಅಂಗಾಲಿನ ಆಣಿ: ಬ್ಲೇಡ್ ತಾಗಿಸದೆ ವಾಸಿ ಮಾಡಿದ ನನ್ನ ಅನುಭವ

ಅಂಗಾಲಿಗೆ ಆಣಿ ಕಟ್ಟಿದ, ಅಂದರೆ ಅಂಗಾಲು ಬಾತು ಮೇಲೆ ಕಪ್ಪು ಹಕ್ಕಳೆ, ಒಳಗೆ ಕೀವು ಕೂತ ಕೋಳಿಯನ್ನ ನಮ್ಮ ಕಡೆ ಯಾರೂ ಇಟ್ಕೊಳ್ಳೋದಿಲ್ಲ. "ಕುಂಟ್ತಾ ಇದ್ಯಾ? ಭಾನುವಾರ ಕಡುಬಿಗೆ ಸಾರು ಮಾಡಿ" ಅಂತಾರೆ, ಅಲ್ಲಿಗೆ ಮುಗೀತು. ನಾನು ಹಾಗೆ ಬಿಡಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಹಿತ್ತಲಲ್ಲಿ ಈಗ ಮೂವತ್ತರ ಹತ್ತಿರ ಕೋಳಿ ಇವೆ. ಈ ಎರಡು ಮೂರು ವರ್ಷದಲ್ಲಿ ಆಣಿ ಕಟ್ಟಿ ವಾಸಿಯಾದವು ಎಂಟೊಂಬತ್ತು ಇರಬಹುದು. ಒಂದಕ್ಕೂ ಬ್ಲೇಡ್ ತಾಗಿಸಿಲ್ಲ. ಇದೆಲ್ಲ ಆಗೋ ಕೆಲಸ ಅಲ್ಲ ಅಂದವರೇ ಈಗ ಕೋಳಿಯನ್ನ ಕಂಕುಳಲ್ಲಿ ಇಟ್ಕೊಂಡು ಮನೆಗೆ ಬರ್ತಾರೆ.

ಮೊದಲು ಆಗಿದ್ದು ಗಿರಿರಾಜ ಹುಂಜಕ್ಕೆ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಈ ತಳಿ ಸಾಕಿದವರಿಗೆ ಗೊತ್ತು, ನಾಲ್ಕು ಕೆ.ಜಿ. ದಾಟಿದ ಮೇಲೆ ಮೊದಲು ಕೈಕೊಡೋದು ಕಾಲೇ. ನಮ್ಮ ಕಡೆಯ ದೇವತೆ ಚೌಡಿಯ ಪೂಜೆ ಹೊತ್ತಿಗೆ 1500ರ ಮೇಲೆ ಹೋಗಬೇಕಾದ ಹುಂಜ ಅದು. ಹರಕೆಗೆ ಊನ ಇರೋ ಕೋಳಿ ಆಗೋದಿಲ್ಲ. ಕೊಳ್ಳೋಕೆ ಬಂದವರು ಜುಟ್ಟು ನೋಡಿದರು, ರೆಕ್ಕೆ ಬಿಡಿಸಿ ನೋಡಿದರು, ಕೊನೆಗೆ ಕಾಲೆತ್ತಿ ಅಂಗಾಲು ನೋಡಿ 600ಕ್ಕೆ ಕೇಳಿದರು. ನಾನು ಕೊಡಲಿಲ್ಲ. "ಆರುನೂರಾದ್ರೂ ಬರ್ತಿತ್ತಲ್ಲೇ ಮಾರಾಯ್ತಿ" ಅಂತ ಅತ್ತೆ ವಾರಗಟ್ಟಲೆ ಹೇಳಿದರು.

ಆಮೇಲೆ ಹಾಳಾದ ದುಡ್ಡಿನ ಲೆಕ್ಕ ಕೇಳಿ. ಅರಿಶಿನ, ಕೊಬ್ಬರಿ ಎಣ್ಣೆ ಮೆತ್ತಿದ್ದಕ್ಕೆ ಮೇಲಿನ ಚರ್ಮ ಚೆನ್ನಾಗಿ ಕೂಡಿತು, ಒಳಗಿನ ಗಂಟು ಇನ್ನೂ ದೊಡ್ಡದಾಯ್ತು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೊರೆ ಬರುತ್ತೆ, ನೋಡೋಕೆ ಕೆಲಸ ಆದ ಹಾಗೇ ಕಾಣುತ್ತೆ, ಆದರೆ ದಿನಾ ಹಾಕಿದ ಗಾಯ ಹಸಿಯಾಗೇ ಉಳೀತು. ಪೇಟೆಯಲ್ಲಿ ಒಬ್ಬ ಡಾಕ್ಟರ್ ಹತ್ತಿರ ಇಂಜೆಕ್ಷನ್ ಕೊಡಿಸಿದೆ. ಆಟೋ ಸೇರಿ 400 ರೂಪಾಯಿ ಹೋಯ್ತು. ಬಾವು ಇಳೀತು, ಹದಿನೈದು ದಿನಕ್ಕೆ ಮತ್ತೆ ಬಂತು. ಹೇಂಟೆಗೆ ಆ್ಯಂಟಿಬಯೋಟಿಕ್ ಕೊಟ್ಟರಂತೂ ಡಾಕ್ಟರ್ ಹೇಳಿದಷ್ಟು ದಿನ ಮೊಟ್ಟೆ ತಿನ್ನೋ ಹಾಗಿಲ್ಲ, ಮಾರೋ ಹಾಗಿಲ್ಲ. ಮೊಟ್ಟೆಗೆ 12 ರೂಪಾಯಿ ಅಂದರೂ ಅದು ಬೇರೆ ನಷ್ಟ.

ಕೋಳಿ ಕೀವು ನಮ್ಮ ಕೀವಿನ ಹಾಗೆ ಹರಿಯೋದಿಲ್ಲ, ಗಟ್ಟಿ ಗಿಣ್ಣದ ಚೂರಿನ ಹಾಗೆ ಒಳಗೇ ಕೂತಿರುತ್ತೆ. ಅದು ಹೊರಗೆ ಬರೋ ತನಕ ಮೇಲೆ ಏನು ಹಚ್ಚಿದರೂ ದಂಡ. ಕೊಯ್ದು ತೆಗೆಯೋದು ಒಂದು ದಾರಿ. ನೆರೆಮನೆಯವರು ಹಾಗೆ ಮಾಡಿದ ಹೇಂಟೆ ರಕ್ತ ಸೋರಿ ಸತ್ತಿದ್ದನ್ನ ಕಣ್ಣಾರೆ ನೋಡಿದ್ದೆ. ನಾನು ಹಿಡಿದಿದ್ದು ನೆನೆಸೋ ದಾರಿ.

ಕತ್ತಲಾದ ಮೇಲೆ ಕೂತ ಜಾಗದಿಂದಲೇ ಎತ್ಕೊಂಡು ಹಳೇ ಟವೆಲ್‌ನಲ್ಲಿ ಸುತ್ತಿ ತೊಡೆ ಮೇಲೆ ಇಟ್ಕೊಳ್ತೇನೆ. ಅಂಗಾತ ಮಲಗಿಸೋದು ಬೇಡ, ಭಾರದ ಕೋಳಿಗೆ ಉಸಿರು ಕಟ್ಟುತ್ತೆ. ಮೊಣಕೈ ಅದ್ದಿದರೆ ಹಿತ ಅನ್ನಿಸೋ ಬಿಸಿ ನೀರಿಗೆ ಒಂದು ಹಿಡಿ ಎಪ್ಸಮ್ ಉಪ್ಪು, ಅಂದರೆ ಮೆಗ್ನೀಷಿಯಂ ಸಲ್ಫೇಟ್. ಗೊಬ್ಬರದಂಗಡಿಯದು ಅಗ್ಗ, ಆದರೆ ಗಾಯಕ್ಕೆ ಮೆಡಿಕಲ್ ಸ್ಟೋರಿಂದೇ ತರ್ತೇನೆ. ಆ ನೀರನ್ನ ಕೋಳಿ ಕುಡಿಯದ ಹಾಗೆ ನೋಡ್ಕೊಳ್ಳಿ, ಭೇದಿ ಹತ್ತುತ್ತೆ. ಕಾಲು ಗಂಟೆ ನೆನೆದ ಮೇಲೆ ಕಪ್ಪು ಹಕ್ಕಳೆಯ ಅಂಚು ಬಿಳಿಚಿಕೊಂಡು ಮೇಲೇಳುತ್ತೆ. ಎದ್ದಷ್ಟನ್ನೇ ಚಿಮಟದಲ್ಲಿ ಎತ್ತಬೇಕು. ರಕ್ತ ಕಂಡರೆ ಆವತ್ತಿಗೆ ನಿಲ್ಲಿಸಬೇಕು. ಬೆಟಾಡಿನ್ ಹಚ್ಚಿ ಕಟ್ಟಿ ಬಿಡೋದು, ನಾಳೆ ಮತ್ತೆ. ನನ್ನ ಹುಂಜಕ್ಕೆ ಒಂದು ವಾರ ಕಳೆದ ಮೇಲೆ ಹಕ್ಕಳೆಯ ಜೊತೆಗೇ ಅಂಟಿಕೊಂಡು ತೊಗರಿ ಕಾಳಿನಷ್ಟು ದಪ್ಪದ ಹಳದಿ ಗಂಟು ಬುಡಸಮೇತ ಬಂತು, ಕೆಳಗೆ ಕೆಂಪಗೆ ಚೊಕ್ಕ ಗುಳಿ. ಆವತ್ತು ಅತ್ತೆಯನ್ನ ಕರೆದು ತೋರಿಸಿದೆ.

ಎಲ್ಲರೂ ಸೋಲೋದು ಕಟ್ಟೋದರಲ್ಲಿ. ಗಾಯದ ಮೇಲೇ ಹತ್ತಿ ಇಟ್ಟು ಕಟ್ಟಿದರೆ ಮೈಭಾರ ಪೂರಾ ಅಲ್ಲೇ ಬೀಳುತ್ತೆ. ಹಳೇ ಪಂಚೆ ಹರಿದು ಬೆರಳಿನ ದಪ್ಪಕ್ಕೆ ಹೊಸೆದು, ಸಣ್ಣ ಸಿಂಬಿ ಸುತ್ತಿ, ಗಾಯ ಅದರ ನಡುವಿನ ತೂತಿಗೆ ಬರೋ ಹಾಗೆ ಕೂರಿಸಿ. ಆಮೇಲೆ ತನಗೆ ತಾನೇ ಅಂಟಿಕೊಳ್ಳೋ ಬ್ಯಾಂಡೇಜನ್ನ ಬೆರಳುಗಳ ಸಂದಿಯಲ್ಲಿ ಅಡ್ಡಡ್ಡ ತಂದು ಕಣಕಾಲಿಗೆ ಒಂದು ಸುತ್ತು. ಸುರುಳಿಗೆ ನೂರು ಚಿಲ್ಲರೆ, ಉದ್ದಕ್ಕೆ ಸೀಳಿಕೊಂಡರೆ ಎರಡು ಕೋಳಿಗೆ ಸಾಕು. ಬೆಳಗ್ಗೆ ಬೆರಳು ತಣ್ಣಗಿದ್ದರೆ ಅಥವಾ ಊದಿದ್ದರೆ ಬಿಗಿ ಆಗಿದೆ ಅಂತ. ಮಳೆಗೆ ನೆನೀಬಾರದು ಅಂತ ಹಾಲಿನ ಪ್ಯಾಕೆಟ್ ಸುತ್ತಿ ನೋಡಿದೆ. ಒಳಗೆ ಬೆವತು ನಾತ ಬಂತು, ಬಿಟ್ಟೆ.

ಗುಳಿಗೆ ತುಡುವೆ ಜೇನು ತುಂಬಿಯೂ ನೋಡಿದ್ದೇನೆ. ಗಾಯ ಬೇಗ ತುಂಬಿತು, ನಿಜ. ಆದರೆ ಬೆಳಗಾಗೋದರಲ್ಲಿ ಬ್ಯಾಂಡೇಜ್ ತುಂಬ ಇರುವೆ! ಕೋಳಿ ಇರೋ ಬುಟ್ಟಿಯನ್ನ ನೀರು ತುಂಬಿದ ತಟ್ಟೆಗಳೊಳಗಿನ ಕಲ್ಲುಗಳ ಮೇಲೆ ಇಡೋ ವ್ಯವಸ್ಥೆ ಮಾಡ್ಕೊಂಡವರು ಮಾತ್ರ ಇದಕ್ಕೆ ಕೈ ಹಾಕಿ. ಲಕ್ಕಿ ಸೊಪ್ಪು ಕುದಿಸಿದ ನೀರಲ್ಲಿ ನೆನೆಸಿದರೂ ಉಪ್ಪುನೀರಿಗಿಂತ ಹೆಚ್ಚೇನೂ ಕಾಣಲಿಲ್ಲ. ಗುಳಿ ತುಂಬಿದ ಮೇಲೆ ಚರ್ಮ ಗಟ್ಟಿಯಾಗೋಕೆ ನಾನು ಹಚ್ಚೋ ಎಣ್ಣೆ ಒಂದಿದೆ, ತವರುಮನೆಯಿಂದ ಬಂದಿದ್ದು. ಅದನ್ನ ಇಲ್ಲಿ ಬರೆಯೋದಿಲ್ಲ. ಅದಿಲ್ಲದೆಯೂ ವಾಸಿಯಾಗುತ್ತೆ, ನಾಲ್ಕು ದಿನ ತಡ ಅಷ್ಟೇ.

ಗೂಡು ಸರಿ ಮಾಡದೆ ಕಾಲಿಗೆ ಎಷ್ಟು ಮಾಡಿದರೂ ಮತ್ತೆ ಬರುತ್ತೆ. ನಮ್ಮಲ್ಲಿ ಕೋಳಿ ಕೂರೋಕೆ ಅಡಿಕೆ ಮರ ಸೀಳಿದ ದಬ್ಬೆ ಹಾಕೋದು ರೂಢಿ. ಆ ದಬ್ಬೆಯ ಅಂಚಿನ ನಾರು ಸೂಜಿಗಿಂತ ಚೂಪು, ಅಂಗಾಲಿಗೆ ಚುಚ್ಚಿದ್ದು ಗೊತ್ತೇ ಆಗೋದಿಲ್ಲ. ಹುಂಜ ಕೂರ್ತಿದ್ದ ಜಾಗದಲ್ಲಿ ಕೈಯಾಡಿಸಿದಾಗ ನನ್ನ ಬೆರಳಿಗೇ ಸಿಬಿರು ಹೊಕ್ಕಿತು. ದಬ್ಬೆ ಪೂರಾ ಕಿತ್ತು, ಎರಡಿಂಚು ಅಗಲದ ರೀಪಿನ ಅಂಚು ಉಜ್ಜಿ ಒಂದೂವರೆ ಅಡಿ ಎತ್ತರಕ್ಕೆ ಹಾಕಿಸಿದೆ. ಮೊದಲು ನಾಲ್ಕಡಿ ಇತ್ತು. ಅಷ್ಟು ಎತ್ತರದಿಂದ ದಿನಾ ಸಿಮೆಂಟ್ ನೆಲಕ್ಕೆ ಹಾರಿದರೆ ಯಾವ ಅಂಗಾಲು ತಾಳುತ್ತೆ? ಆಚಾರಿ ಕೂಲಿ ಸೇರಿ 800 ಆಗಿರಬೇಕು. ನೆಲಕ್ಕೆ ದರಗು, ಅಂದರೆ ಕಾಡಿನ ಒಣ ಎಲೆ, ಹಾಸೋದು ಬಿಟ್ಟೆ, ಕಾಡಿನ ಮುಳ್ಳು ಅದರ ಜೊತೆಗೇ ಬರುತ್ತೆ. ಈಗ ಮಿಲ್ಲಿನ ಉಮಿ ನಾಲ್ಕಿಂಚು, ಮಳೆಗಾಲದಲ್ಲಿ ದಿನಾ ಕೆದಕಿ ವಾರಕ್ಕೊಮ್ಮೆ ಸುಣ್ಣದ ಪುಡಿ. ಗಿರಿರಾಜಗಳಿಗೆ ಅಕ್ಕಿ ನುಚ್ಚು ಅರ್ಧಕ್ಕೆ ಇಳಿಸಿ ನುಗ್ಗೆ ಸೊಪ್ಪು ಜಾಸ್ತಿ ಮಾಡಿದ್ದೇನೆ, ಮೈ ಹಗುರಾಗಿದೆ.

ಬಾವು ಕಣಕಾಲಿಗೆ ಏರಿದ್ದರೆ, ಕಾಲು ಊರೋದೇ ಬಿಟ್ಟಿದ್ದರೆ ನನ್ನ ದಾರಿ ಬೇಡ, ಡಾಕ್ಟರ್ ಹತ್ತಿರ ಹೋಗಿ. ಕೈಗವಸು ಇಲ್ಲದೆ ಮುಟ್ಟಬೇಡಿ, ಆ ಕೀವು ನಮ್ಮ ಕೈಯ ಗಾಯಕ್ಕೂ ಹತ್ತುತ್ತೆ. ಬಿಚ್ಚಿದ ಬಟ್ಟೆ ಒಲೆಗೆ ಹಾಕಿ.

ಆ ಹುಂಜ ಮಾರನೇ ವರ್ಷ 1800ಕ್ಕೆ ಹೋಯ್ತು. ಕೊಂಡವರು ಎರಡೂ ಕಾಲೆತ್ತಿ ನೋಡಿದರು, ಯಾವ ಕಾಲಿಗೆ ಆಣಿ ಆಗಿತ್ತು ಅಂತ ಅವರಿಗೆ ಗೊತ್ತಾಗಲಿಲ್ಲ.