ಮೆಸ್ಕಾಲ್ ರುಚಿ ನೋಡಿದ್ದು: ಹೊಗೆಗೆ ಹೊಗೆ ಜೊತೆಯಾಗಲ್ಲ

ಮೆಕ್ಸಿಕೋದ ಗ್ವಾದಲಹಾರಾಗೆ ಕೆಲಸಕ್ಕೆ ಅಂತ ಬಂದು ಮೂರು ವರ್ಷ ಆಯಿತು. ಇದು ಟಕೀಲಾ ಸೀಮೆ. ಆದರೆ ನನಗೆ ಹಿಡಿಸಿದ್ದು ಮೆಸ್ಕಾಲ್. ಎರಡೂ ಮದ್ಯವೇ, ಎರಡೂ ಅಗಾವೆ ಗಿಡದ್ದೇ, ಅಂದ್ರೆ ನಮ್ಮ ಮಂಡ್ಯದ ಕಡೆ ಹೊಲದ ಬದುವಿಗೆ ಬೇಲಿಯಾಗಿ ನೆಡುವ ಕತ್ತಾಳೆಯ ಜಾತಿ. ಟಕೀಲಾಗೆ ನೀಲಿ ಅಗಾವೆ ಒಂದೇ ಆಗಬೇಕು, ಅದನ್ನು ಹೆಚ್ಚಾಗಿ ಹಬೆಯಲ್ಲಿ ಬೇಯಿಸುತ್ತಾರೆ. ಮೆಸ್ಕಾಲ್‌ಗೆ ಬೇರೆ ಬೇರೆ ಜಾತಿಯ ಅಗಾವೆ ನಡೆಯುತ್ತದೆ, ಹಳೇ ಕ್ರಮದವರು ಗಿಡದ ದಿಂಡನ್ನು ನೆಲದ ಗುಂಡಿಯಲ್ಲಿ ಮುಚ್ಚಿ ಬೇಯಿಸುತ್ತಾರೆ. ಹೊಗೆ ವಾಸನೆ ಬರುವುದು ಅಲ್ಲಿಂದ.

ಮೊದಲ ಸಲ ಬಾಟಲಿ ತಂದಾಗ ನನ್ನ ಹೆಂಡತಿ ಲೋಟ ಮೂಸಿ, "ಏನ್ರೀ ಇದು, ತಳ ಹಿಡಿದ ವಾಸನೆ" ಅಂದಳು. ನನಗೂ ಹೊಗೆ ಬಿಟ್ಟರೆ ಬೇರೇನೂ ಗೊತ್ತಾಗಲಿಲ್ಲ. ಹೊಗೆ ಇದೆಯಲ್ಲ, ಕೆಂಡದಲ್ಲಿ ಸುಟ್ಟ ಮಾಂಸ ಸರಿಯಾದ ಜೋಡಿ ಅಂದುಕೊಂಡೆ. ದಕ್ಷಿಣ ಮೆಕ್ಸಿಕೋದ ವಹಾಕಾಗೆ ಹೋದಾಗ ನವೆಂಬರ್ 20 ಹೆಸರಿನ ಮಾರುಕಟ್ಟೆಯಲ್ಲಿ 'ಹೊಗೆಯ ಓಣಿ' ಅಂತಲೇ ಕರೆಯುವ ಸಾಲಿದೆ, ಎರಡೂ ಕಡೆ ಇದ್ದಿಲ ಒಲೆ, ಅಲ್ಲಿ ತಸಾಹೋ ಅನ್ನುವ ತೆಳು ದನದ ಮಾಂಸ ಸುಡಿಸಿಕೊಂಡು ರೂಮಿಗೆ ತಂದು ಮೆಸ್ಕಾಲ್ ಜೊತೆ ತಿಂದೆ. ಇದ್ದಿಲು ಅಗಿದ ಹಾಗಿತ್ತು. ಮಾಂಸದ ರುಚಿಯೂ ಹೋಯಿತು, ಮೆಸ್ಕಾಲ್ ರುಚಿಯೂ ಹೋಯಿತು.

ಮರುದಿನ ಸಾಂತಿಯಾಗೋ ಮತತ್ಲಾನ್‌ಗೆ ಹೋದೆ. ವಹಾಕಾ ಪಟ್ಟಣದಿಂದ ಸುಮಾರು 50 ಕಿ.ಮೀ., ಮೆಸ್ಕಾಲ್‌ನ ರಾಜಧಾನಿ ಅಂತ ಹೆಸರಾದ ಊರು. ಭಟ್ಟಿ ಮನೆಗೆ ಅಲ್ಲಿ ಪಲೆಂಕೆ ಅನ್ನುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ನನಗೆ ನೆನಪಾಗಿದ್ದು ಆಲೆಮನೆ! ಅದೇ ಬೆಲ್ಲದ ಕಮಟು, ಅದೇ ಸಿಪ್ಪೆ ರಾಶಿ, ಅದೇ ನೊಣ. ನಡುವೆ ಕಲ್ಲಿನ ದೊಡ್ಡ ಗಾಲಿ, ಅದಕ್ಕೆ ಕುದುರೆ ಕಟ್ಟಿ ಸುತ್ತಿಸುತ್ತಿದ್ದರು. ನಮ್ಮ ಎತ್ತಿನ ಗಾಣವೇ ಬಿಡಿ. ಎಲೆ ಸವರಿದ ದಿಂಡು ಥೇಟ್ ಅನಾನಸ್ ಹಣ್ಣಿನ ಹಾಗಿರುತ್ತದೆ, ಅದಕ್ಕೇ ಅದರ ಹೆಸರೂ ಪೀನ್ಯಾ, ಅಂದ್ರೆ ಅನಾನಸ್. ಗುಂಡಿಯಲ್ಲಿ ಸೌದೆ ಉರಿಸಿ, ಮೇಲಿನ ಕಲ್ಲು ಕೆಂಪಗೆ ಕಾದ ಮೇಲೆ ಒದ್ದೆ ಸಿಪ್ಪೆ ಹರಡಿ, ಅದರ ಮೇಲೆ ಪೀನ್ಯಾ ಒಟ್ಟಿ, ಚಾಪೆ ಹೊದಿಸಿ ಮಣ್ಣು ಮುಚ್ಚುತ್ತಾರೆ. ಮೂರರಿಂದ ಐದು ದಿನ ಅದು ಹಾಗೇ ಬೇಯುತ್ತದೆ.

ಅಲ್ಲಿನ ಯಜಮಾನರು ಬೆಂದ ದಿಂಡಿನಿಂದ ಒಂದು ಸಿಗುರು ಕಿತ್ತು ಕೈಗೆ ಕೊಟ್ಟರು. ಕಂದು ಬಣ್ಣ, ಬೆರಳಿಗೆ ಅಂಟಂಟು. ಕಬ್ಬಿನ ಹಾಗೆ ಜಗಿದೆ. ಮೊದಲು ಜೋನಿ ಬೆಲ್ಲದ ಸಿಹಿ, ಆಮೇಲೆ ಬೇಯಿಸಿದ ಗೆಣಸು, ಹೊಗೆ ಬಂದಿದ್ದು ಕೊನೆಗೆ, ಅದೂ ಒಂದಿಷ್ಟೇ. ಕೊನೆಗೆ ಬಾಯಲ್ಲಿ ಉಳಿದಿದ್ದು ಬರೀ ನಾರು. ನಾನು ಇಷ್ಟು ದಿನ ಬಾಗಿಲಲ್ಲೇ ನಿಂತು ವಾಪಸ್ ಬರುತ್ತಿದ್ದೆ ಅಂತ ಆಗ ಗೊತ್ತಾಯಿತು. ಹೊಗೆ ಅಡುಗೆ ಮಾಡಿದ ರೀತಿ ಅಷ್ಟೇ, ಕುಡಿಯಬೇಕಾದ್ದು ಗಿಡದ ರುಚಿ.

ಅವತ್ತು ಕಲಿತ ಹಾಗೇ ಈಗಲೂ ಮಾಡುತ್ತೇನೆ. ಬಾಯಗಲದ ಪುಟ್ಟ ಲೋಟ, ಸೋರೆ ಬುರುಡೆಯ ಹಾಗಿರುವ ಹೀಕರಾ ಬಟ್ಟಲು ಸಿಕ್ಕರೆ ಇನ್ನೂ ಚೆಂದ. 20 ಮಿ.ಲೀ. ಸಾಕು. ಐಸ್ ಬೇಡ, ಫ್ರಿಜ್ಜೂ ಬೇಡ. ಬಗ್ಗಿಸಿ ಹತ್ತು ನಿಮಿಷ ಸುಮ್ನೆ ಬಿಡಿ. ಮೂಗನ್ನು ಲೋಟದೊಳಗೆ ತೂರಿಸಬೇಡಿ, 48 ಪರ್ಸೆಂಟ್ ಆಲ್ಕೋಹಾಲ್ ಇರುವ ಸರಕು ಮೂಗು ಸುಟ್ಟುಬಿಡುತ್ತದೆ. ಎರಡು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಿದರೆ ಸ್ಪಿರಿಟ್ ಹಾರಿ ಹೋಗಿ ಬೆಂದ ಅಗಾವೆ ವಾಸನೆ ಉಳಿಯುತ್ತದೆ. ಮೊದಲ ಗುಟುಕಿನಲ್ಲಿ ರುಚಿ ಹುಡುಕಬೇಡಿ, ಅದು ಬಾಯಿ ಒಗ್ಗಲಿ ಅಂತ. ತುಟಿಗೆ ಮುತ್ತು ಕೊಟ್ಟ ಹಾಗೆ ಕುಡಿ ಅನ್ನುತ್ತಾರೆ ಅಲ್ಲಿ, ಅಷ್ಟೇ ಚಿಕ್ಕ ಗುಟುಕು. ಎರಡು ಮೂರು ಬಾಟಲಿ ಇದ್ದರೆ ಪರ್ಸೆಂಟ್ ಕಮ್ಮಿ ಇರುವುದರಿಂದ ಶುರು ಮಾಡಿ.

ಈಗ ಊಟದ ವಿಷಯ, ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಇಲ್ಲೇ. ವಹಾಕಾದಲ್ಲಿ ಮೊದಲು ಕೊಡುವುದು ಕಿತ್ತಳೆ ಹೋಳು, ಮೇಲೆ ಹುಳದ ಉಪ್ಪು. ಅಗಾವೆ ಗಿಡದಲ್ಲಿ ಬೆಳೆಯುವ ಹುಳವನ್ನು ಹುರಿದು, ಒಣಮೆಣಸಿನಕಾಯಿ, ಉಪ್ಪಿನ ಜೊತೆ ಅರೆದಿರುತ್ತಾರೆ. ನನಗೆ ಒಗ್ಗಿತು. ಒಗ್ಗದವರು ಉಪ್ಪು, ಖಾರದ ಪುಡಿ ಉದುರಿಸಿಕೊಂಡರೂ ಕೆಲಸ ನಡೆಯುತ್ತದೆ, ಕಿತ್ತಳೆಯ ಹುಳಿ ಸಿಹಿಯೇ ಮುಖ್ಯ. ಎರಡನೆಯದು ಕೆಸಿಯೊ, ಎಳೆ ಎಳೆಯಾಗಿ ಬಿಡಿಸಿ ತಿನ್ನುವ ಚೀಸು. ಅದರ ಜಿಡ್ಡು ನಾಲಿಗೆ ಮೇಲೆ ಕೂತಾಗ ಮೆಸ್ಕಾಲ್‌ನ ಉರಿ ಇಳಿದು ಸಿಹಿ ಮೇಲೆ ಬರುತ್ತದೆ. ಎಲ್ಲಕ್ಕಿಂತ ಮೇಲು ಮೋಲೆ ನೇಗ್ರೋ. ಕಪ್ಪು ಮೆಣಸಿನಕಾಯಿ, ಎಳ್ಳು, ಬೀಜಗಳು, ಚಾಕೊಲೇಟು ಎಲ್ಲ ಹುರಿದು ಅರೆದು ಗಂಟೆಗಟ್ಟಲೆ ಕುದಿಸಿದ ಗಟ್ಟಿ ಸಾರು. ಅದರಲ್ಲೂ ಹುರಿದ ಕಹಿ ಇದೆ, ಆದರೆ ಜೊತೆಗೆ ಸಿಹಿ ಇದೆ, ಜಿಡ್ಡಿದೆ. ಒಂದು ತುತ್ತು, ಒಂದು ಗುಟುಕು, ನಿಧಾನ. ನಾನು ಅವತ್ತು ಒಂದೂವರೆ ಗಂಟೆ ಎದ್ದಿಲ್ಲ.

ಅಗಾವೆ ಜಾತಿ ನೋಡಿಯೂ ಊಟ ಬದಲಾಗಬೇಕು. ಎಸ್ಪಾದೀನ್ ಆರೆಂಟು ವರ್ಷಕ್ಕೆ ಬಲಿಯುವ ಗಿಡ, ಎಲ್ಲದಕ್ಕೂ ಹೊಂದುತ್ತದೆ, ಹೊಸಬರು ಇದರಿಂದಲೇ ಶುರು ಮಾಡಿ. ತೊಬಲಾ ಕಾಡಿನ ಪುಟ್ಟ ಗಿಡ, ಹೂವು ಹಣ್ಣಿನ ವಾಸನೆ, ಅದಕ್ಕೆ ಕೆಸಿಯೊ ಅಥವಾ ಪರಂಗಿ ಹಣ್ಣು ಸಾಕು. ತೆಪೆಸ್ತಾತೆ ಬಲಿಯಲು 25 ವರ್ಷದವರೆಗೂ ಬೇಕು. ಅಷ್ಟು ಕಾದು ಬಂದ ಗಿಡದ ಮುಂದೆ ಸಾರು ಮಸಾಲೆ ಇಡಲು ನನಗೆ ಮನಸ್ಸು ಬರಲ್ಲ, ಅದನ್ನು ಬರೀ ನೀರಿನ ಜೊತೆ ಕುಡಿಯುತ್ತೇನೆ. ಕೊಳ್ಳುವಾಗ ಲೇಬಲ್ ಓದಿ: 100 ಪರ್ಸೆಂಟ್ ಅಗಾವೆ, ಗಿಡದ ಜಾತಿ, ಊರಿನ ಹೆಸರು, 'ಆರ್ತೆಸನಾಲ್' ಅಥವಾ 'ಅನ್ಸೆಸ್ತ್ರಾಲ್' ಅನ್ನುವ ಪದ, ಅಂದ್ರೆ ಹಳೇ ಕ್ರಮದಲ್ಲಿ ಮಾಡಿದ್ದು. ಬಾಟಲಿಯೊಳಗೆ ಹುಳ ಇದ್ದರೆ ಒಳ್ಳೇದು ಅನ್ನೋದು ಸುಳ್ಳು, ಅದು ವ್ಯಾಪಾರಕ್ಕೆ ಹಾಕಿದ್ದು.

ಮನೆಗೆ ಬಂದ ಮೇಲೆ ನಮ್ಮ ಅಡುಗೆ ಜೊತೆ ಇಟ್ಟು ನೋಡಿದೆ. ಸುಟ್ಟ ಬದನೆಕಾಯಿ ಗೊಜ್ಜು ಸೋತಿತು, ಮತ್ತೆ ಹೊಗೆ ಮೇಲೆ ಹೊಗೆ. ಖಾರದ ಸಾರು ಇನ್ನೂ ಕೆಟ್ಟದ್ದು, ಖಾರಕ್ಕೆ ಸ್ಪಿರಿಟ್ ಸೇರಿ ಗಂಟಲು ಉರಿಯಿತು. ಗೆದ್ದಿದ್ದು ಅನಾನಸ್ ಗೊಜ್ಜು. ಹುಳಿ, ಬೆಲ್ಲ, ಎಳ್ಳು, ಕೊಬ್ಬರಿ ಎಲ್ಲ ಇದೆಯಲ್ಲ, ಮೋಲೆಗೆ ದೂರದ ನೆಂಟ ಅನ್ನಿಸಿತು. ಮೆಣಸಿನಕಾಯಿ ಅರ್ಧ ಮಾಡಿ, ತಣ್ಣಗಾದ ಮೇಲೆ ತಿನ್ನಿ, ಎಸ್ಪಾದೀನ್ ಜೊತೆ.

ಇನ್ನೊಂದು. ಕುಡಿದಾದ ಮೇಲೆ ಲೋಟ ತೊಳೆಯಬೇಡಿ, ಬೆಳಿಗ್ಗೆ ಒಣಗಿದ ಲೋಟ ಮೂಸಿ ನೋಡಿ. ನಾನು ಹಾಗೆ ಇಟ್ಟಿದ್ದ ಲೋಟವನ್ನು ನನ್ನ ಹೆಂಡತಿ ಸಿಂಕಿಗೆ ಹಾಕುವಾಗ ಮೂಗಿನ ಹತ್ತಿರ ಹಿಡಿದು, "ಇದರಲ್ಲಿ ಬೆಲ್ಲ ಕರಗಿಸಿದ್ರಾ?" ಅಂತ ಕೇಳಿದಳು.