ಸಿಬ್ಬಂದಿಯ ನೆನಪನ್ನು ನಂಬದ ಬ್ಯಾಕಪ್: ನನ್ನ ಅನುಭವ

ಕಚೇರಿಯ ಕಂಪ್ಯೂಟರ್‌ಗಳ ಕಡತಗಳನ್ನು ಸರ್ವರ್‌ಗೆ ನಕಲಿಸುವ ಕೆಲಸ ಆಯಾ ಸಿಬ್ಬಂದಿಯ ನೆನಪಿಗೆ ಬಿಟ್ಟದ್ದಾಗಿತ್ತು. ಅದನ್ನು ಯಂತ್ರಗಳಿಗೇ ಒಪ್ಪಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ವಿಂಡೋಸ್ ವಿಸ್ತಾದ ಕಾಲದಿಂದ ವಿಂಡೋಸ್ ಜೊತೆಗೇ ಬರುತ್ತಿರುವ, ಕಡತಗಳನ್ನು ನಕಲಿಸುವ ರೋಬೊಕಾಪಿ ತಂತ್ರಾಂಶವನ್ನೂ, ಸರ್ವರ್‌ನಲ್ಲಿ ಸ್ನ್ಯಾಪ್‌ಶಾಟ್ (ಕಡತಗಳನ್ನು ಆ ಕ್ಷಣದಲ್ಲಿ ಇದ್ದಂತೆಯೇ ಹಿಡಿದಿಡುವ) ಸೌಲಭ್ಯವಿರುವ ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯನ್ನೂ ಆರಿಸಿಕೊಂಡೆ.

ಮೊದಲು ಬದಲಿಸಿದ್ದು ರೋಬೊಕಾಪಿಯ ಮರುಪ್ರಯತ್ನದ ಸಂಖ್ಯೆಯನ್ನು. ಕಡತವೊಂದು ನಕಲಾಗದಿದ್ದರೆ ಅದು ತಾನಾಗಿಯೇ 30 ಸೆಕೆಂಡಿಗೊಮ್ಮೆ 10 ಲಕ್ಷ ಬಾರಿ ಪ್ರಯತ್ನಿಸುತ್ತದೆ; ಅಂದರೆ ಬೇರೊಂದು ತಂತ್ರಾಂಶ ಬಿಗಿಹಿಡಿದ ಒಂದೇ ಒಂದು ಕಡತಕ್ಕಾಗಿ ಹೆಚ್ಚುಕಡಿಮೆ ಒಂದು ವರ್ಷ ಕಾಯಲು ಅದು ಸಿದ್ಧ. ನಾನು ಅದನ್ನು ಐದೈದು ಸೆಕೆಂಡಿನ ಅಂತರದ ಎರಡು ಪ್ರಯತ್ನಗಳಿಗೆ ಇಳಿಸಿದೆ. ಔಟ್‌ಲುಕ್‌ನ ಪಿಎಸ್‌ಟಿ (ಮಿಂಚಂಚೆಗಳನ್ನು ಕೂಡಿಡುವ) ಕಡತದಂತೆ ದಿನವಿಡೀ ತೆರೆದೇ ಇರುವಂಥವುಗಳಿಗೆ ಇದರಿಂದ ಪರಿಹಾರ ಸಿಗದು. ಅವುಗಳಿಗಾಗಿ ಮೊದಲು ವಿಂಡೋಸ್‌ನ ಶ್ಯಾಡೋ ಕಾಪಿ ಮಾಡಿಸಿ, ಆ ಸ್ಥಿರ ಪ್ರತಿಯಿಂದ ನಕಲಿಸುವಂತೆ ಸ್ಕ್ರಿಪ್ಟ್ ಬರೆದೆ.

ಹೊತ್ತಿನ ವಿಷಯದಲ್ಲಿ, ರಾತ್ರಿ ಎಲ್ಲರೂ ಕಂಪ್ಯೂಟರ್ ಆರಿಸಿ ಹೋಗುವುದರಿಂದ ಮಧ್ಯಾಹ್ನದ ಬಿಡುವೇ ಲೇಸೆನಿಸಿತು. ನಿಗದಿತ ಹೊತ್ತಿಗೆ ಕೆಲಸ ನಡೆಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ, ತಪ್ಪಿಹೋದ ಕೆಲಸವನ್ನು ಯಂತ್ರ ಚಾಲೂ ಆದೊಡನೆ ನಡೆಸುವ ಆಯ್ಕೆಯನ್ನೂ ಗುರುತಿಸಿದೆ. 100 ಮೆಗಾಬಿಟ್ ಜಾಲದಲ್ಲಿ ಸೆಕೆಂಡಿಗೆ 11 ಮೆಗಾಬೈಟ್‌ನಷ್ಟೇ ಸಾಗುವುದರಿಂದ 50 ಗಿಗಾಬೈಟ್‌ಗೆ ಒಂದೂಕಾಲು ಗಂಟೆ ಬೇಕು. ಸಣ್ಣ ಕಡತಗಳು ಸಾವಿರಾರು ಇದ್ದರೆ ಇನ್ನೂ ಹೆಚ್ಚು. ಆದ್ದರಿಂದ ಮೊದಲ ಪೂರ್ಣ ನಕಲನ್ನು ರಜಾದಿನಗಳಲ್ಲಿ ಮುಗಿಸಿದೆ. ಆಮೇಲೆ ಬದಲಾದ ಕಡತಗಳು ಮಾತ್ರ ಹೋಗುತ್ತವೆ.

ಹಕ್ಕುಗಳ ವಿಚಾರದಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಬ್ಯಾಕಪ್ ಶೇರ್ (ನಕಲುಗಳು ಸೇರುವ ಸರ್ವರ್‌ನ ಹಂಚಿಕೆಯ ಜಾಗ) ಯಾರ ಕಂಪ್ಯೂಟರ್‌ನಲ್ಲೂ ಡ್ರೈವ್ ಆಗಿ ಕಾಣಿಸುವುದಿಲ್ಲ. ಪ್ರತಿ ಯಂತ್ರಕ್ಕೂ ತನ್ನದೇ ಖಾತೆ, ಆ ಖಾತೆಗೆ ತನ್ನ ಫೋಲ್ಡರ್ ಮಾತ್ರ, ದಿನನಿತ್ಯ ಲಾಗಿನ್ ಆಗುವವರಿಗೆ ಅದರ ಮೇಲೆ ಯಾವ ಹಕ್ಕೂ ಇಲ್ಲ. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ಬಳಕೆದಾರರ ಕೈಗೆಟುಕುವುದನ್ನೆಲ್ಲ ಕೆಡಿಸುತ್ತದೆ, ಜಾಲದ ಡ್ರೈವ್‌ಗಳೂ ಸೇರಿ. ಇನ್ನು, ಕೆಟ್ಟ ಕಡತವೇ ಕ್ರಮಪ್ರಕಾರ ಸರ್ವರ್‌ಗೆ ಬಂದು ಒಳ್ಳೆಯದರ ಮೇಲೆ ಕೂತರೆ? ರೋಬೊಕಾಪಿಯ ಮಿರರ್ ಆಯ್ಕೆ ಮೂಲದಲ್ಲಿ ಅಳಿದದ್ದನ್ನು ನಕಲಿನಲ್ಲೂ ಅಳಿಸುವುದರಿಂದ ಈ ಪ್ರಶ್ನೆಗೆ ಉತ್ತರವಿಲ್ಲದೆ ಅದನ್ನು ಬಳಸಲೇಬಾರದು. ನನ್ನ ಉತ್ತರ ಸ್ನ್ಯಾಪ್‌ಶಾಟ್: ಸರ್ವರ್ ತಾನೇ ದಿನಕ್ಕೊಂದು ತೆಗೆದು 30 ದಿನ, ತಿಂಗಳಿಗೊಂದು ತೆಗೆದು 12 ತಿಂಗಳು ಇಟ್ಟುಕೊಳ್ಳುತ್ತದೆ, ಅವು ಓದಲು ಮಾತ್ರ ಸಿಗುತ್ತವೆ, ನಕಲು ಕಳಿಸುವ ಖಾತೆಗಳು ಅವನ್ನು ಅಳಿಸಲಾರವು.

ನಾನು ಹೆಚ್ಚು ತಲೆಕೆಡಿಸಿಕೊಂಡದ್ದು ವರದಿಗಾಗಿ. ರೋಬೊಕಾಪಿ ಕೊನೆಯಲ್ಲಿ ಕೊಡುವ ಸಂಖ್ಯೆ 8 ಅಥವಾ ಹೆಚ್ಚಿದ್ದರೆ ವೈಫಲ್ಯ, 1 ಎಂದರೆ ಕಡತಗಳು ನಕಲಾದವು, 0 ಎಂದರೆ ನಕಲಿಸಲು ಏನೂ ಇರಲಿಲ್ಲ. ಸೊನ್ನೆ ಬಿಟ್ಟು ಉಳಿದುದೆಲ್ಲ ದೋಷವೆಂದು ಓದುವ ಸ್ಕ್ರಿಪ್ಟ್‌ಗಳಿವೆ; ನನಗೆ ಅನುಮಾನ ಬರುವುದು ಸೊನ್ನೆಯ ಮೇಲೆಯೇ. ದಿನವೂ ಕೆಲಸ ನಡೆಯುವ ಮೇಜಿನಿಂದ ವಾರವಿಡೀ ಸೊನ್ನೆ ಬಂದರೆ, ಅಲ್ಲಿಯವರು ಕಡತಗಳನ್ನು ನಾವು ಗುರುತಿಸದ ಜಾಗದಲ್ಲಿ ಉಳಿಸುತ್ತಿದ್ದಾರೆ ಎಂದೇ ಅರ್ಥ. ಹಾಗೊಮ್ಮೆ ಹುಡುಕಿದಾಗ ಲೆಕ್ಕದ ಕಡತಗಳೆಲ್ಲ ಡಿ ಡ್ರೈವ್‌ನಲ್ಲಿ ‘ಹೊಸ ಫೋಲ್ಡರ್ (3)’ ಎಂಬಲ್ಲಿ ಸಿಕ್ಕವು. ಕಂಪ್ಯೂಟರ್‌ಗಳು ಕಳಿಸುವ ಮಿಂಚಂಚೆಯನ್ನೂ ನಾನು ನೆಚ್ಚುವುದಿಲ್ಲ, ಕೆಟ್ಟು ನಿಂತ ಯಂತ್ರ ಅಂಚೆ ಕಳಿಸುವುದಿಲ್ಲವಲ್ಲ. ಬದಲಿಗೆ ಸರ್ವರ್ ಪ್ರತಿ ಸಂಜೆ ಎಲ್ಲ ಫೋಲ್ಡರ್‌ಗಳನ್ನು ನೋಡಿ, ಎರಡು ದಿನದಿಂದ ಹೊಸ ಕಡತ ಬಾರದ ಯಂತ್ರಗಳ ಹೆಸರುಗಳನ್ನು ಒಂದೇ ಪಟ್ಟಿಯಲ್ಲಿ ಕೊಡುತ್ತದೆ. ರಜೆಯಲ್ಲಿರುವವರ ಹೆಸರೂ ಅದರಲ್ಲಿ ಬರುತ್ತದೆ, ಅದನ್ನು ಸಹಿಸಿಕೊಳ್ಳಬಹುದು.

ಪ್ರತಿ ತಿಂಗಳು ಯಾವುದಾದರೂ ಒಂದು ಮೇಜಿನ ಫೋಲ್ಡರನ್ನು ಹಳೆಯ ಸ್ನ್ಯಾಪ್‌ಶಾಟ್‌ನಿಂದ ಬೇರೊಂದು ಕಂಪ್ಯೂಟರ್‌ಗೆ ಇಳಿಸಿ, ಅದನ್ನು ಬಳಸುವವರಿಂದಲೇ ಕಡತಗಳನ್ನು ತೆರೆಸುತ್ತೇನೆ. ಕಡತದ ಗಾತ್ರ ಸರಿಯಿದೆ ಎಂದು ನಾನು ಹೇಳಬಲ್ಲೆ, ಒಳಗಿನ ಲೆಕ್ಕ ಸರಿಯಿದೆ ಎಂದು ಅವರೇ ಹೇಳಬೇಕು. ಸರ್ವರ್‌ನ ಡಿಸ್ಕ್‌ಗಳು ರೇಡ್ ಎಂಬ ಜೋಡಣೆಯಲ್ಲಿದ್ದರೂ ಅದು ಡಿಸ್ಕ್ ಕೆಟ್ಟಾಗಿನ ಆಸರೆಯಷ್ಟೇ. ಕಳವು, ಬೆಂಕಿಗಳಿಗಾಗಿ ಎರಡು ಹೊರ ಡಿಸ್ಕ್‌ಗಳಿವೆ. ವಾರಕ್ಕೊಮ್ಮೆ ಅವು ಅದಲುಬದಲಾಗುತ್ತವೆ, ಒಂದು ಯಾವಾಗಲೂ ಕಟ್ಟಡದ ಹೊರಗೇ ಇರುತ್ತದೆ.