ಓಟದ ಜೊತೆಗೆ ಉದ್ಯಾನದ ಕೆಲಸ: ಒಂದು ಸಲಹೆ

ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಗುಂಪಾಗಿ ಓಡುವವರು ತಮ್ಮ ಬಡಾವಣೆಯ ಉದ್ಯಾನದ ಕೆಲಸವನ್ನೂ ಅದಕ್ಕೇ ಸೇರಿಸಿಕೊಳ್ಳಬಹುದು. ಪಾಲಿಕೆಯ ತೋಟಗಾರಿಕೆ ವಿಭಾಗದ ಒಪ್ಪಿಗೆ ಮೊದಲೇ ಪಡೆದಿರಲಿ. ಗುದ್ದಲಿ, ಮಂಕರಿಗಳನ್ನು ಉದ್ಯಾನದ ಪಕ್ಕದ ಮನೆಯೊಂದರಲ್ಲಿ ಇರಿಸಿ. ಓಡಿ ಬಂದ ಕೂಡಲೇ ಬಗ್ಗಿ ಕಳೆ ಕೀಳತೊಡಗಿದರೆ ಸೊಂಟ ಹಿಡಿದುಕೊಳ್ಳಬಹುದಾದ್ದರಿಂದ, ಐದು ನಿಮಿಷ ನಡೆದಾಡಿ, ನೀರು ಕುಡಿದು, ಆಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಕೆಲಸ ಆರಂಭಿಸುವುದು ಒಳ್ಳೆಯದು.

ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡವನ್ನು, ಬಿಳಿ ಹೂ ಬಿಡುವ ಮುನ್ನ, ಮಳೆ ಬಿದ್ದು ಮಣ್ಣು ಸಡಿಲವಾಗಿರುವಾಗಲೇ ಬೇರುಸಹಿತ ಕೀಳಬೇಕು. ಅದು ತಗುಲಿದರೆ ಕೆಲವರಿಗೆ ಚರ್ಮ ತುರಿಸಿ ದದ್ದು ಏಳುವುದರಿಂದ, ಓಟದ ಅಂಗಿಯ ಮೇಲೆ ತುಂಬುತೋಳಿನ ಹಳೆಯ ಅಂಗಿಯನ್ನೂ ಕೈಗವಸನ್ನೂ ತೊಡಿ. ಬೆವರಿದ ಮೈಗೆ ಇದು ಹಿಂಸೆಯೇ, ಆದರೂ ಬಿಡಬೇಡಿ. ಅಸ್ತಮಾ ಇರುವವರಿಗೆ ಗಿಡಗಳಿಗೆ ನೀರು ಹಾಕುವ ಕೆಲಸವನ್ನು ವಹಿಸಿ.